ಹೆಸರು ಪಟ್ಟಿಯಲ್ಲಿಲ್ಲ ಎಂದು ಮಗುವನ್ನು ವಾಪಸ್ ಕಳಿಸುವ ಮುನ್ನ: ಈಜು ಸ್ಪರ್ಧೆಗಳ ಸಂಘಟಕರಿಗೆ ಬಹಿರಂಗ ಪತ್ರ

ರಾಜ್ಯದ ಊರೂರುಗಳಲ್ಲಿ ಮಕ್ಕಳ ಈಜು ಸ್ಪರ್ಧೆ ನಡೆಸುವ ಸಂಘಟಕರಿಗೆ, ಈಜು ಕ್ಲಬ್‌ಗಳ ಕಾರ್ಯದರ್ಶಿಗಳಿಗೆ ಮತ್ತು ತರಬೇತುದಾರರಿಗೆ,

ಮಾನ್ಯರೇ,

ನಾನು ಹಾಸನ ಜಿಲ್ಲೆಯವಳು, ಅಂಚೆ ಇಲಾಖೆಯಲ್ಲಿ ನೌಕರಿ. ನನ್ನ ಮಗಳು ಒಂಬತ್ತು ವರ್ಷ ಸ್ಪರ್ಧೆಗಳಲ್ಲಿ ಈಜಿ, ಈಗ ಓದಿನ ಕಾರಣಕ್ಕೆ ಬಿಟ್ಟಿದ್ದಾಳೆ. ಅವಳು ಬಿಟ್ಟರೂ ನನಗೆ ಈಜುಕೊಳದ ನಂಟು ತಪ್ಪಲಿಲ್ಲ. ಸ್ಪರ್ಧೆಯ ಸುತ್ತೋಲೆ ಬಂತೆಂದರೆ ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಎಂಟ್ರಿ ಫಾರಂ ಹಿಡಿದು ಮನೆಗೆ ಬರುತ್ತಾರೆ. ಕೌಂಟರಿನಲ್ಲಿ ಕೂತು ಅರ್ಜಿ ತುಂಬಿಕೊಟ್ಟು ಅಭ್ಯಾಸವಿದ್ದವಳಿಗೆ ಇದು ಭಾರವೆನಿಸಿಲ್ಲ. ಆದರೆ ಇಷ್ಟು ವರ್ಷದಲ್ಲಿ ಎಷ್ಟು ಮಕ್ಕಳು ನೀರಿಗಿಳಿಯುವ ಮುಂಚೆಯೇ ಸ್ಪರ್ಧೆಯಿಂದ ಹೊರಗುಳಿದರು ಎನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ನಿಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಒಂದು ಭಾನುವಾರದ ಮಾತು. ಅರಕಲಗೂಡು ಕಡೆಯ ಹಳ್ಳಿಯ ಹುಡುಗ, 11 ವರ್ಷ. ಅಜ್ಜನ ತೋಟದ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು. ಆಮೇಲೆ ಬೆಳಗಿನ ಮೊದಲ ಬಸ್ಸಿಗೆ ಪಟ್ಟಣಕ್ಕೆ ಬಂದು, ಕೊಳದಲ್ಲಿ ಒಂದು ಗಂಟೆ ಈಜಿ, ಒದ್ದೆ ತಲೆಯಲ್ಲೇ ಶಾಲೆಗೆ ಹೋಗುತ್ತಿದ್ದ. ಅವನ ಅಪ್ಪ ಶುಂಠಿ ಗದ್ದೆಗಳಲ್ಲಿ ಕೂಲಿ ಮಾಡುವವರು. ಬೇರೊಂದು ಜಿಲ್ಲೆಯಲ್ಲಿ ಸ್ಪರ್ಧೆ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗ್ಗೆ ಆರೂವರೆಗೆ ಅಪ್ಪ ಮಗ ಕೊಳದ ಗೇಟಿನ ಮುಂದಿದ್ದರು. ಇನ್ನಿಬ್ಬರು ಮಕ್ಕಳ ಜೊತೆ ನಾನೂ ಹೋಗಿದ್ದೆ. ಹುಡುಗ ವಾರ್ಮ್ ಅಪ್ ಮುಗಿಸಿ ಟೋಪಿ, ಕನ್ನಡಕ ಹಾಕಿಕೊಂಡು ಸಿದ್ಧನಾಗಿ ನಿಂತ. ಗೋಡೆಗೆ ಅಂಟಿಸಿದ ಸ್ಟಾರ್ಟ್ ಲಿಸ್ಟ್‌ನಲ್ಲಿ ಅವನ ಹೆಸರಿರಲಿಲ್ಲ.

ಮೇಜಿನ ಹತ್ತಿರ ವಿಚಾರಿಸಿದಾಗ "ಲಿಸ್ಟಲ್ಲಿ ಹೆಸರಿಲ್ಲ ಅಂದ್ರೆ ನಾವೇನೂ ಮಾಡಕ್ಕಾಗಲ್ಲ ಮೇಡಂ" ಎಂದರು. ಕಾರಣ ಕೇಳಿದೆ. ಒಂದು ಗಂಟೆ ಕಾದ ಮೇಲೆ ತಿಳಿದದ್ದು ಇಷ್ಟು: ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರಿದೆ, ಆಧಾರ್‌ನಲ್ಲಿ ಹೆಸರಿನ ಕೊನೆಗೆ ಎರಡು ಇನಿಷಿಯಲ್ ಇವೆ, ಶಾಲೆಯ ದೃಢೀಕರಣದಲ್ಲಿ ಅವೇ ಇನಿಷಿಯಲ್ ಹೆಸರಿನ ಮೊದಲಿಗಿವೆ. ಮೂರು ದಾಖಲೆಗಳು ಹೊಂದುವುದಿಲ್ಲವೆಂದು ಎಂಟ್ರಿ ತಿರಸ್ಕರಿಸಿ, ಐದು ದಿನ ಮೊದಲೇ ಕ್ಲಬ್ಬಿಗೆ ಮೇಲ್ ಕಳಿಸಿದ್ದರಂತೆ. ಆ ಮೇಲನ್ನು ಕ್ಲಬ್ಬಿನಲ್ಲಿ ಯಾರೂ ತೆರೆದಿರಲಿಲ್ಲ. ಶುಲ್ಕ ಕಟ್ಟಿದ್ದು ಅಪ್ಪ, ಈಜಬೇಕಿದ್ದದ್ದು ಮಗ. ಎಂಟ್ರಿ ಬಿದ್ದುಹೋದ ಸಂಗತಿ ಅವರಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಆ ಹುಡುಗ ಬಟ್ಟೆ ಬದಲಿಸಲು ಒಪ್ಪಲಿಲ್ಲ. ಹೆಗಲಿಗೆ ಟವೆಲ್ ಹೊದ್ದುಕೊಂಡು ಮಧ್ಯಾಹ್ನದವರೆಗೆ ಗ್ಯಾಲರಿಯ ಕೆಳಮೆಟ್ಟಿಲಲ್ಲಿ ಕೂತಿದ್ದ. "ಆಂಟಿ, ಕೊನೇ ಹೀಟಲ್ಲಾದ್ರೂ ಕರೀತಾರಾ?" ಎಂದು ಎರಡು ಸಲ ಕೇಳಿದ. ಅವನ ವಯೋಗುಂಪಿನ 50 ಮೀಟರ್ ಫ್ರೀಸ್ಟೈಲ್‌ನ ಮೊದಲ ಹೀಟ್‌ನಲ್ಲಿ, ಅಂದರೆ ಗುಂಪಾಗಿ ಈಜುವ ಮೊದಲ ಸರದಿಯಲ್ಲಿ, ಎಂಟು ಲೇನ್‌ಗಳ ಪೈಕಿ ಮೂರು ಖಾಲಿ ಇದ್ದವು. ಆ ಮೂರು ಲೇನ್‌ಗಳ ನೀರು ಅಲುಗದೆ ನಿಂತಿದ್ದನ್ನು ಅವನೂ ನೋಡುತ್ತಿದ್ದ, ನಾನೂ ನೋಡುತ್ತಿದ್ದೆ.

ವಯಸ್ಸಿನ ವಿಷಯದಲ್ಲಿ ನೀವು ಕಟ್ಟುನಿಟ್ಟಾಗಿರುವುದನ್ನು ನಾನು ಆಕ್ಷೇಪಿಸುವುದಿಲ್ಲ. ವಯಸ್ಸು ಕದ್ದು ಚಿಕ್ಕ ಮಕ್ಕಳ ಗುಂಪಿಗೆ ಇಳಿಯುವವರಿಂದ ನಿಜವಾದ ವಯಸ್ಸಿನ ಮಕ್ಕಳಿಗೆ ಅನ್ಯಾಯವಾಗುತ್ತದೆ, ದಾಖಲೆ ನೋಡಲೇಬೇಕು. ಆದರೆ ಆ ಹುಡುಗನ ಮೂರೂ ದಾಖಲೆಗಳಲ್ಲಿ ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು ಒಂದೇ ಆಗಿದ್ದವು. ಇನಿಷಿಯಲ್ ಎಲ್ಲಿ ಕೂರಬೇಕು ಎನ್ನುವುದಷ್ಟೇ ವ್ಯತ್ಯಾಸ. ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವವರು ಕಡಿಮೆ. ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ ಸೇರಿಸಿಕೊಳ್ಳುವುದು ರೂಢಿ. ಒಂದು ಕಚೇರಿ ಅದನ್ನು ಮುಂದೆ ಹಾಕುತ್ತದೆ, ಇನ್ನೊಂದು ಹಿಂದೆ ಹಾಕುತ್ತದೆ, ಮತ್ತೊಂದು ಬಿಟ್ಟೇಬಿಡುತ್ತದೆ. ಇದು ಕನ್ನಡ ನಾಡಿನ ಹೆಸರುಗಳ ರೀತಿ. ಇದನ್ನು ವಂಚನೆಯಂತೆ ನೋಡಿದರೆ ಈ ನಾಡಿನ ಅರ್ಧ ಮಕ್ಕಳು ಅನುಮಾನಕ್ಕೆ ಒಳಗಾಗುತ್ತಾರೆ.

ಇನ್ನು ಕೆಲವು ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗವೇ ಖಾಲಿ ಇರುತ್ತದೆ. ಹುಟ್ಟಿದ 21 ದಿನದೊಳಗೆ ಆಸ್ಪತ್ರೆಯವರು ನೋಂದಣಿ ಮಾಡಿಸಿರುತ್ತಾರೆ, ನಾಮಕರಣ ಆಮೇಲೆ ಆಗಿರುತ್ತದೆ, ಹೆಸರು ಸೇರಿಸಲು ಯಾರೂ ಹಿಂದಿರುಗಿ ಹೋಗಿರುವುದಿಲ್ಲ. 15 ವರ್ಷದವರೆಗೂ ಹೆಸರು ಸೇರಿಸಲು ಅವಕಾಶವಿದೆ ಎಂದು ನಾನು ಹೇಳಿದಾಗ ಎಷ್ಟೋ ತಾಯಂದಿರು ನಿಟ್ಟುಸಿರು ಬಿಡುತ್ತಾರೆ. ಆದರೆ ಅದಕ್ಕೆ ವಾರಗಟ್ಟಲೆ ಓಡಾಡಬೇಕು. ನಿಮ್ಮ ಸುತ್ತೋಲೆ ಬರುವುದು ಎಂಟ್ರಿಯ ಕೊನೆಯ ದಿನಕ್ಕೆ ಏಳೆಂಟು ದಿನ ಇರುವಾಗ. ಕೂಲಿ ಬಿಟ್ಟು ಒಂದು ದಿನ ಕಚೇರಿಗೆ ಹೋದರೆ ಅಂದು ಸಾಹೇಬರಿರುವುದಿಲ್ಲ, ಇನ್ನೊಂದು ದಿನ ಹೋದರೆ ಸರ್ವರ್ ಇರುವುದಿಲ್ಲ. ಅಷ್ಟರಲ್ಲಿ ಕೊನೆಯ ದಿನ ಕಳೆದುಹೋಗಿರುತ್ತದೆ.

ಸುತ್ತೋಲೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದು ಬರುವುದು ಪೂರ್ತಿ ಇಂಗ್ಲಿಷಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ, ಪಿಡಿಎಫ್ ಆಗಿ. ಗ್ರೂಪಿನಲ್ಲಿ ಇಲ್ಲದವರಿಗೆ ಸ್ಪರ್ಧೆ ನಡೆಯುತ್ತಿರುವುದೇ ತಿಳಿಯುವುದಿಲ್ಲ. ಇದ್ದವರಿಗೂ ಅದರಲ್ಲಿನ ಪದಗಳು ಹೊಸವು. ಯುಐಡಿ ನಮೂದಿಸಿ ಎಂದು ನೀವು ಬರೆಯುತ್ತೀರಿ. ನಿಮ್ಮ ಮನಸ್ಸಿನಲ್ಲಿರುವುದು ರಾಷ್ಟ್ರೀಯ ಈಜು ಫೆಡರೇಷನ್ ಕೊಡುವ ನೋಂದಣಿ ಸಂಖ್ಯೆ. ತಂದೆ ತಾಯಿಗೆ ಯುಐಡಿ ಎಂದರೆ ಆಧಾರ್. ಅವರು ಶ್ರದ್ಧೆಯಿಂದ ಹನ್ನೆರಡು ಅಂಕಿಗಳನ್ನು ಬರೆದು ಕಳಿಸುತ್ತಾರೆ, ಎಂಟ್ರಿ ಬಿದ್ದುಹೋಗುತ್ತದೆ. ವಯೋಗುಂಪಿನದೂ ಇದೇ ಕಥೆ. ಸ್ಪರ್ಧೆಯ ದಿನ ಮಗುವಿಗೆ ಎಷ್ಟು ವರ್ಷ ತುಂಬಿದೆ ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ನೀವು ನೋಡುವುದು ಡಿಸೆಂಬರ್ 31ಕ್ಕೆ ಎಷ್ಟಾಗುತ್ತದೆ ಎಂದು, ಅಂದರೆ ಹುಟ್ಟಿದ ವರ್ಷವನ್ನು. ನವೆಂಬರ್, ಡಿಸೆಂಬರ್‌ನಲ್ಲಿ ಹುಟ್ಟಿದ ಮಕ್ಕಳು ಪ್ರತಿ ಸಲವೂ ತಪ್ಪು ಗುಂಪಿಗೆ ಹೆಸರು ಕೊಟ್ಟು ಒದ್ದಾಡುತ್ತಾರೆ. ಕನ್ನಡದಲ್ಲಿ ಎರಡು ಸಾಲು ಬರೆದರೆ ತಪ್ಪುವ ಗೊಂದಲಗಳಿವು.

ಮಗು ಆ ದೂರವನ್ನು ಎಷ್ಟು ಸಮಯದಲ್ಲಿ ಈಜುತ್ತದೆ ಎಂದು ಮೊದಲೇ ಬರೆದುಕೊಡುವ ಎಂಟ್ರಿ ಟೈಮ್ ಎಂಬ ಕಲಂ ಇದೆಯಲ್ಲ, ಅದರಿಂದ ನನ್ನ ಮಗಳೇ ನೊಂದಿದ್ದಾಳೆ. ಅವಳಿಗಾಗ 9 ವರ್ಷ, ಮೊದಲ ಸ್ಪರ್ಧೆ. ಅವಳು ಕಲಿಯುತ್ತಿದ್ದ ಖಾಸಗಿ ಕೊಳ 25 ಮೀಟರ್ ಇದೆ ಎಂದೇ ಎಲ್ಲರೂ ನಂಬಿದ್ದೆವು. ಎರಡು ಉದ್ದ ಈಜಿದರೆ 50 ಮೀಟರ್ ಎಂದು ವಾಚ್ ಹಿಡಿದು, 41 ಸೆಕೆಂಡ್ ಎಂದು ಬರೆದುಕೊಟ್ಟೆವು. ಆ ಸಮಯ ನೋಡಿ ಸಂಘಟಕರು ಅವಳನ್ನು ವೇಗದ ಮಕ್ಕಳ ಹೀಟ್‌ನಲ್ಲಿ, ನಾಲ್ಕನೇ ಲೇನ್‌ನಲ್ಲಿ ಹಾಕಿದರು. ಎಂಟು ಲೇನ್‌ಗಳ ಕೊಳದಲ್ಲಿ ಅತಿ ವೇಗದ ಎಂಟ್ರಿಗೆ ನಾಲ್ಕನೇ ಲೇನ್, ಅದರ ನಂತರದ್ದಕ್ಕೆ ಐದನೆಯದು, ಆಮೇಲೆ ಮೂರು, ಆರು ಹೀಗೆ ಹಂಚುತ್ತಾರೆಂದು ನನಗಾಗ ತಿಳಿದಿರಲಿಲ್ಲ. 50 ಮೀಟರ್‌ನ ನಿಜವಾದ ಕೊಳದಲ್ಲಿ ಅವಳಿಗೆ 51 ಸೆಕೆಂಡ್ ಹಿಡಿಯಿತು. ಎಡಬಲದ ಮಕ್ಕಳೆಲ್ಲ ಗೋಡೆ ಮುಟ್ಟಿ ತಿರುಗಿ ನೋಡುತ್ತಿರುವಾಗ ಇವಳೊಬ್ಬಳೇ ಮಧ್ಯದ ಲೇನ್‌ನಲ್ಲಿ ಕೈ ಬಡಿಯುತ್ತಿದ್ದಳು. "ಅಮ್ಮಾ, ನಾನು ಅಷ್ಟೊಂದು ನಿಧಾನವಾ?" ಎಂದು ಬಸ್ಸಿನಲ್ಲಿ ಕೇಳಿದಳು. ಮುಂದಿನ ವಾರ ನಾನು ಟೇಪ್ ಹಿಡಿದು ಆ ಕೊಳ ಅಳೆದೆ. 21 ಮೀಟರ್ ಇತ್ತು.

ಸಮಯ ಗೊತ್ತಿಲ್ಲದಿದ್ದರೆ ಎನ್‌ಟಿ (ನೋ ಟೈಮ್) ಎಂದು ಬರೆಯಬಹುದು, ಅಂಥ ಮಕ್ಕಳನ್ನು ಮೊದಲ ಹೀಟ್‌ಗಳಲ್ಲಿ ಹಾಕುತ್ತಾರೆ, ಅದರಲ್ಲಿ ಅವಮಾನವೇನೂ ಇಲ್ಲ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಈಗ ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಅಧಿಕೃತ ಸಮಯದ ಬೆಲೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನ ಸೆಟ್ಟೆ ಕೊಲ್ಲಿ ಕೂಟದ ಟೈಮ್ ಟ್ರಯಲ್‌ನಲ್ಲಿ, ಅಂದರೆ ಸಮಯ ದಾಖಲಿಸಲೆಂದೇ ನಡೆಸುವ ಈಜಿನಲ್ಲಿ, 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡ್‌ಗಳಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಕೊಡುವ ಎ ಅರ್ಹತಾ ಸಮಯ 53.85. ಸೆಕೆಂಡಿನ ನೂರರಲ್ಲಿ ಎಂಟು ಭಾಗದ ಅಂತರ. ಆ ಸಮಯವನ್ನು ಅಂತರರಾಷ್ಟ್ರೀಯ ಈಜು ಸಂಸ್ಥೆ ಮಾನ್ಯ ಮಾಡಿದ ಮೇಲೆ ಅದು ಅರ್ಹತೆಯಾಯಿತು. ಎಷ್ಟು ವೇಗವಾಗಿ ಈಜಿದರೂ ಒಪ್ಪಿಗೆಯಾದ ಕೂಟದಲ್ಲಿ, ಒಪ್ಪಿಗೆಯಾದ ಗಡಿಯಾರದಲ್ಲಿ ದಾಖಲಾಗದಿದ್ದರೆ ಅದು ಲೆಕ್ಕಕ್ಕಿಲ್ಲ. ಬೆಂಗಳೂರಿನ ಮಗುವಿಗೆ ಅಂಥ ಅವಕಾಶ ವರ್ಷದಲ್ಲಿ ಹಲವು ಬಾರಿ, ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಸಿಗುತ್ತದೆ. ಅರಕಲಗೂಡಿನ ಮಗುವಿಗೆ ಒಂದು ಎಂಟ್ರಿ ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ. 11 ವರ್ಷದ ಮಗುವಿನ ಬಾಳಿನಲ್ಲಿ ಒಂದು ವರ್ಷ ಬಹಳ ದೊಡ್ಡದು.

ಕ್ಲಬ್ ಕಾರ್ಯದರ್ಶಿಗಳಲ್ಲಿ ಒಂದು ಮಾತು ನೇರವಾಗಿ ಕೇಳುತ್ತೇನೆ. ಬಹಳಷ್ಟು ಸ್ಪರ್ಧೆಗಳಿಗೆ ಕ್ಲಬ್ ಮೂಲಕವೇ ಎಂಟ್ರಿ ಹೋಗಬೇಕು. ಆದ್ದರಿಂದ ನಿಮ್ಮ ಒಂದು ಸಹಿ, ಒಂದು ಮೊಹರು ಮಗುವಿನ ಪಾಲಿಗೆ ಬಾಗಿಲು. ಸಾರ್ವಜನಿಕ ಕೊಳದಲ್ಲಿ ಕಲಿತ, ಯಾವ ಕ್ಲಬ್ಬಿಗೂ ಸೇರದ ಹುಡುಗಿಯೊಬ್ಬಳ ತಾಯಿ ಮನೆಗೆಲಸ ಮಾಡುವವರು. ಎಂಟ್ರಿಗೆ ಸಹಿ ಬೇಕಾದರೆ ಇಡೀ ವರ್ಷದ ತರಬೇತಿ ಶುಲ್ಕ ಕಟ್ಟಿ ಸದಸ್ಯರಾಗಿ ಎಂದು ಒಂದು ಕ್ಲಬ್ಬಿನಲ್ಲಿ ಆಕೆಗೆ ಹೇಳಿದರು. ಆಕೆ ಫಾರಂ ಮಡಚಿ ಸೆರಗಿನಲ್ಲಿ ಸಿಕ್ಕಿಸಿಕೊಂಡು ನಮ್ಮ ಮನೆಗೆ ಬಂದು, "ಬಿಡಿ ಅಕ್ಕ, ನಮ್ಮಂಥೋರಿಗಲ್ಲ ಇದು" ಎಂದರು. ಆ ಹುಡುಗಿ ಈಗ ಈಜುತ್ತಿಲ್ಲ. ಕ್ಲಬ್ ನಡೆಸುವುದಕ್ಕೆ ಖರ್ಚಿದೆ, ನೀರಿಗೆ, ಕ್ಲೋರಿನ್‌ಗೆ, ಕರೆಂಟಿಗೆ ಹಣ ಬೇಕು ಎನ್ನುವುದು ನನಗೆ ಗೊತ್ತು. ಆದರೆ ಒಂದು ಸಹಿಗೆ ಒಂದು ವರ್ಷದ ಶುಲ್ಕ ಕೇಳುವುದು ನ್ಯಾಯವೇ ಎಂದು ನೀವೇ ಯೋಚಿಸಿ.

ಸ್ಪರ್ಧೆಯ ದಿನದ ಬಗ್ಗೆಯೂ ಎರಡು ಸಂಗತಿ ಹೇಳಬೇಕು. ಒಬ್ಬ ಹುಡುಗ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡನೆಯವನಾಗಿ ಮುಗಿಸಿದ. ಫಲಿತಾಂಶದಲ್ಲಿ ಹೆಸರಿನ ಮುಂದೆ ಡಿಕ್ಯೂ, ಅಂದರೆ ಅನರ್ಹ, ಎಂದಿತ್ತು. ಯಾಕೆಂದು ಯಾರೂ ಹೇಳಲಿಲ್ಲ. ದೊಡ್ಡ ಊರಿನ ಮಕ್ಕಳಿಗೆ ಪದಕ ಕೊಡಲು ಹೀಗೆ ಮಾಡಿದರೆಂದು ಅವನ ಅಪ್ಪ ನಂಬಿದರು, ಇವತ್ತಿಗೂ ನಂಬಿದ್ದಾರೆ. ತೀರ್ಪುಗಾರರನ್ನು ಹುಡುಕಿ ಕೇಳಿದಾಗ ತಿಳಿಯಿತು: ತಿರುಗುವಾಗ ಒಂದೇ ಕೈಯಲ್ಲಿ ಗೋಡೆ ಮುಟ್ಟಿದ್ದ. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈನಲ್ಲಿ ಎರಡೂ ಕೈ ಒಟ್ಟಿಗೆ ಮುಟ್ಟಬೇಕು. ತೀರ್ಪು ಸರಿಯಾಗಿಯೇ ಇತ್ತು. ಅದನ್ನು ಹುಡುಗನಿಗೆ ಅಲ್ಲೇ, ಅವನ ಮಾತಿನಲ್ಲಿ ಹೇಳಿದ್ದರೆ ಅವನೊಂದು ಪಾಠ ಕಲಿಯುತ್ತಿದ್ದ. ಅವನಪ್ಪನ ಮನಸ್ಸಿನಲ್ಲಿ ಕಹಿ ಉಳಿಯುತ್ತಿರಲಿಲ್ಲ.

ಎರಡನೆಯದು ಹೆಣ್ಣುಮಕ್ಕಳದು. ಸ್ಪರ್ಧೆಯ ಬೆಳಗ್ಗೆ ಮುಟ್ಟಾದ 13 ವರ್ಷದ ಹುಡುಗಿಯ ತಾಯಿ, ಮೇಜಿನ ಸುತ್ತ ಬರೀ ಗಂಡಸರೇ ಇದ್ದದ್ದನ್ನು ನೋಡಿ ಏನೂ ಹೇಳಲಾರದೆ ಮಗಳನ್ನು ಕರೆದುಕೊಂಡು ಹೊರಟುಬಿಟ್ಟರು. ಹೇಳದೆ ಗೈರಾದ ಕಾರಣಕ್ಕೆ ದಂಡ ಕಟ್ಟಿದರೆ ಮಾತ್ರ ಮುಂದಿನ ಎಂಟ್ರಿ ಎಂದು ಆಮೇಲೆ ತಿಳಿಸಿದರು. ಸ್ಕ್ರ್ಯಾಚ್, ಅಂದರೆ ಹಿಂದೆ ಸರಿಯುತ್ತೇವೆ ಎಂದು, ಹೇಳಲು ಒಬ್ಬ ಮಹಿಳೆ ಅಲ್ಲಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಇಷ್ಟು ಹೇಳಿದ ಮೇಲೆ ನನ್ನ ಕೋರಿಕೆಗಳನ್ನು ಮುಂದಿಡುತ್ತೇನೆ. ಇವುಗಳಲ್ಲಿ ಕೋಟಿ ರೂಪಾಯಿಯ ಕೊಳ ಕಟ್ಟಿ ಎನ್ನುವಂಥದ್ದು ಒಂದೂ ಇಲ್ಲ.

ಪ್ರತಿ ಸುತ್ತೋಲೆಯನ್ನೂ ಕನ್ನಡದಲ್ಲಿ ಕೊಡಿ, ಎಂಟ್ರಿಯ ಕೊನೆಯ ದಿನಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಕೊಡಿ. ವಾಟ್ಸಾಪ್‌ನಲ್ಲಿ ಮಾತ್ರ ಬಿಡದೆ ಜಿಲ್ಲೆಯ ಪ್ರತಿ ಈಜುಕೊಳದ ಸೂಚನಾ ಫಲಕಕ್ಕೆ ಒಂದು ಪ್ರತಿ ಅಂಟಿಸಿ, ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರಿಗೂ ಕಳಿಸಿ. ಯುಐಡಿ, ಎಂಟ್ರಿ ಟೈಮ್, ಎನ್‌ಟಿ, ಹೀಟ್, ಸ್ಕ್ರ್ಯಾಚ್ ಎಂದರೇನು ಎಂದು ಒಂದು ಪುಟದಲ್ಲಿ ಬರೆದು ಜೊತೆಗಿಡಿ. ಆ ಪುಟವನ್ನು ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಎಂಟ್ರಿ ತಿರಸ್ಕಾರವಾದರೆ ಕ್ಲಬ್ಬಿಗೆ ಮೇಲ್ ಕಳಿಸಿ ಸುಮ್ಮನಾಗಬೇಡಿ. ಫಾರಂನಲ್ಲಿ ಪೋಷಕರ ಮೊಬೈಲ್ ಸಂಖ್ಯೆ ಇದ್ದೇ ಇರುತ್ತದೆ. ಆ ಸಂಖ್ಯೆಗೆ ಒಂದು ಸಂದೇಶ ಕಳಿಸಿ, ಸರಿಪಡಿಸಲು ಮೂರು ದಿನ ಕೊಡಿ. ಹುಟ್ಟಿದ ದಿನಾಂಕ ಮತ್ತು ತಂದೆ ತಾಯಿಯ ಹೆಸರು ಹೊಂದುತ್ತಿದ್ದರೆ ಇನಿಷಿಯಲ್‌ನ ಕಾರಣಕ್ಕೆ ಯಾವ ಮಗುವನ್ನೂ ಹೊರಗಿಡಬೇಡಿ. ಶಾಲೆಯ ಮುಖ್ಯ ಶಿಕ್ಷಕರ ಒಂದು ಪತ್ರ ಅದಕ್ಕೆ ಸಾಕಾಗಬೇಕು. ಇಷ್ಟೆಲ್ಲ ಆದ ಮೇಲೂ ಮಗುವೊಂದು ಪಟ್ಟಿಯಲ್ಲಿ ಹೆಸರಿಲ್ಲದೆ ಗೇಟಿನ ಮುಂದೆ ಬಂದು ನಿಂತರೆ, ಹೀಟ್‌ನಲ್ಲಿ ಲೇನ್ ಖಾಲಿ ಇದ್ದರೆ, ಈಜಲು ಬಿಡಿ. ಪದಕ ಬೇಡ, ಅಂಕ ಬೇಡ, ಸ್ಥಾನ ಬೇಡ. ಸಮಯ ಮಾತ್ರ ಬರೆದುಕೊಡಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಮಗು ನೀರು ಮುಟ್ಟಿ ಮನೆಗೆ ಹೋಗಲಿ.

ಕ್ಲಬ್ ಇಲ್ಲದ ಮಕ್ಕಳಿಗೆ ಜಿಲ್ಲಾ ಮಟ್ಟದ ಸ್ಪರ್ಧೆಗಳಲ್ಲಾದರೂ ಪೋಷಕರೇ ನೇರವಾಗಿ ಎಂಟ್ರಿ ಕೊಡುವ ದಾರಿ ಇರಲಿ. ಮೂರು ತಿಂಗಳಿಗೊಮ್ಮೆ ಅಳತೆ ಸರಿಯಿರುವ ಒಂದು ಕೊಳದಲ್ಲಿ ಟೈಮ್ ಟ್ರಯಲ್ ನಡೆಸಿ, ಸಹಿ ಇರುವ ಚೀಟಿ ಕೊಡಿ. ಎಂಟ್ರಿ ಟೈಮ್ ಕಲಂ ತುಂಬುವಾಗ ಯಾವ ತಾಯಿಯೂ ನನ್ನಂತೆ ತಪ್ಪು ಲೆಕ್ಕ ಬರೆಯುವುದು ಬೇಡ. ಡಿಕ್ಯೂ ಆದ ಪ್ರತಿ ಮಗುವಿಗೂ ಕಾರಣವನ್ನು ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆದುಕೊಡಿ. ಎಂಟ್ರಿ ಮೇಜಿನಲ್ಲಿ ಒಬ್ಬ ಮಹಿಳೆಯನ್ನು ಕೂರಿಸಿ, ಹೆಣ್ಣುಮಕ್ಕಳು ಆ ದಿನ ಹಿಂದೆ ಸರಿದರೆ ಕಾರಣ ಕೇಳಬೇಡಿ, ದಂಡ ಹಾಕಬೇಡಿ.

ನಿಯಮ ಸಡಿಲಿಸಿದರೆ ಶಿಸ್ತು ಹೋಗುತ್ತದೆ ಎಂದು ಹಿಂದೊಮ್ಮೆ ಒಬ್ಬ ಹಿರಿಯ ಅಧಿಕಾರಿ ನನಗೆ ಹೇಳಿದ್ದರು. ಅವರಿಗೆ ಗೌರವದಿಂದಲೇ ಉತ್ತರಿಸುತ್ತೇನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಈಜುಗಾರರು ಇಬ್ಬರು, ಶ್ರೀಹರಿ ನಟರಾಜ್ ಮತ್ತು ಧಿನಿಧಿ ದೇಸಿಂಗು. ಇಬ್ಬರೂ ಬೆಂಗಳೂರಿನವರು. ಧಿನಿಧಿಗೆ ಆಗ 14 ವರ್ಷ, ಇಡೀ ಭಾರತ ತಂಡದಲ್ಲಿ ಅತಿ ಕಿರಿಯಳು. ಇಬ್ಬರೂ ಹೋದದ್ದು ಯೂನಿವರ್ಸಾಲಿಟಿ ಕೋಟಾದಲ್ಲಿ. ಅರ್ಹತಾ ಸಮಯ ಮುಟ್ಟಿದ ಈಜುಗಾರರಿಲ್ಲದ ದೇಶಗಳೂ ನೀರಿಗಿಳಿಯಲೆಂದು ಅಂತರರಾಷ್ಟ್ರೀಯ ಈಜು ಸಂಸ್ಥೆ ಇಟ್ಟಿರುವ ದಾರಿ ಅದು. ಒಲಿಂಪಿಕ್ಸ್‌ನಲ್ಲೇ ಇಂಥ ಬಾಗಿಲೊಂದು ಇದೆ, ಅದರಿಂದ ಅಲ್ಲಿನ ಶಿಸ್ತೇನೂ ಕೆಟ್ಟಿಲ್ಲ. ನಮ್ಮ ಜಿಲ್ಲೆಗಳ ಭಾನುವಾರದ ಸ್ಪರ್ಧೆಯಲ್ಲೂ ಅಂಥ ಒಂದು ಬಾಗಿಲು ಇರಲಿ ಎಂದಷ್ಟೇ ನಾನು ಕೇಳುತ್ತಿರುವುದು.

ಆ ಹುಡುಗನ ಜನನ ಪ್ರಮಾಣಪತ್ರ ತಿದ್ದುಪಡಿಯಾಗಿ ಕಳೆದ ತಿಂಗಳು ಕೈಗೆ ಬಂತು. ಅವನಪ್ಪ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಚೆ ಕಚೇರಿಗೇ ತಂದು ತೋರಿಸಿದರು. ಈಗ ಮೂರೂ ದಾಖಲೆಗಳಲ್ಲಿ ಇನಿಷಿಯಲ್ ಒಂದೇ ಕಡೆ ಇದೆ. ಹುಡುಗ ಮೇಲಿನ ವಯೋಗುಂಪಿಗೆ ಹೋಗಿದ್ದಾನೆ. ಇನ್ನೂ ಒಂದು ಅಧಿಕೃತ ಸಮಯ ಅವನ ಹೆಸರಿನಲ್ಲಿ ಇಲ್ಲ. "ಮೇಡಂ, ಮುಂದಿನ ಸ್ಪರ್ಧೆ ಯಾವಾಗ? ಈ ಸಲ ಬಿಡ್ತಾರಲ್ವಾ?" ಎಂದು ಅವನಪ್ಪ ಕೇಳಿದರು. ಅವರಿಗೆ ಏನು ಹೇಳಲಿ ಎಂದು ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಈಜುಗಾರ್ತಿಯೊಬ್ಬಳ ತಾಯಿ
ಹಾಸನ ಜಿಲ್ಲೆ